ಹೊಡೆಯುವವನ ಪಕ್ಕದಲ್ಲಿ ನಿಂತವನು

ಪೊಲೀಸರು ಯಾರಿಗೋ ಹೊಡೆಯುತ್ತಿರುವ ವಿಡಿಯೋ ಬಂತು ಅಂದರೆ ಅದರ ಕೆಳಗಿನ ಕಾಮೆಂಟುಗಳು ಎರಡೇ ಬಗೆ. ‘ಸರಿಯಾಗೇ ಬಿದ್ದಿದೆ, ಇನ್ನೆರಡು ಬಿಡಬೇಕಿತ್ತು’ ಅನ್ನುವವರು ಒಂದು ಕಡೆ. ‘ಇವರೆಲ್ಲ ಖಾಕಿ ತೊಟ್ಟ ರೌಡಿಗಳು’ ಅನ್ನುವವರು ಇನ್ನೊಂದು ಕಡೆ. ಹತ್ತು ನಿಮಿಷ ಕಳೆಯುವುದರೊಳಗೆ ವಿಡಿಯೋ ಮರೆತು ಅವರವರೇ ಕಿತ್ತಾಡಿಕೊಳ್ಳುತ್ತಿರುತ್ತಾರೆ. ನಾನು ಎರಡೂ ಕಡೆ ನಿಂತು ಜಗಳ ಆಡಿದವನು, ಬೇರೆ ಬೇರೆ ವರ್ಷಗಳಲ್ಲಿ. ಆ ನಾಚಿಕೆಯ ಕಥೆ ಆಮೇಲೆ ಹೇಳುತ್ತೇನೆ.

ಈಚೆಗೆ ಇಂಥ ವಿಡಿಯೋ ನೋಡುವಾಗ ನನ್ನ ಕಣ್ಣು ಹೊಡೆಯುವವನ ಮೇಲೆ ನಿಲ್ಲುವುದಿಲ್ಲ. ಅಂಚಿಗೆ ಹೋಗುತ್ತದೆ. ಅಲ್ಲಿ ಇನ್ನೊಬ್ಬ ಇರುತ್ತಾನೆ. ಅದೇ ಯೂನಿಫಾರ್ಮ್. ಕೈಯಲ್ಲಿ ಲಾಠಿ ಇದೆ, ಎತ್ತಿಲ್ಲ. ಒಮ್ಮೆ ಅತ್ತ ನೋಡುತ್ತಾನೆ, ಒಮ್ಮೆ ರಸ್ತೆ ಕಡೆ ನೋಡುತ್ತಾನೆ. ಕೆಲವು ಸಲ ಆ ಕಡೆ ಬೆನ್ನು ಹಾಕಿ ಜನರನ್ನು ಸರಿಸುವ ಕೆಲಸ ಹಚ್ಚಿಕೊಂಡಿರುತ್ತಾನೆ. ಅವನ ಮುಖದಲ್ಲಿ ಸಿಟ್ಟೂ ಇಲ್ಲ, ಖುಷಿಯೂ ಇಲ್ಲ. ಇಲ್ಲಿಂದ ಬೇಗ ಹೋದರೆ ಸಾಕು ಅನ್ನುವ ಮುಖ.

ಈ ಬರಹ ಅವನ ಬಗ್ಗೆ.

ಜಾರ್ಜ್ ಫ್ಲಾಯ್ಡ್ ಸತ್ತ ವಿಡಿಯೋ ಎಲ್ಲರಿಗೂ ನೆನಪಿರುತ್ತದೆ. 2020ರ ಮೇ 25, ಅಮೆರಿಕದ ಮಿನಿಯಾಪೊಲಿಸ್. 20 ಡಾಲರಿನ ಖೋಟಾ ನೋಟು ಕೊಟ್ಟ ಅನ್ನುವುದು ದೂರು. ಡೆರೆಕ್ ಶೋವಿನ್ ಎಂಬ ಅಧಿಕಾರಿ ಅವನ ಕುತ್ತಿಗೆ ಮೇಲೆ 9 ನಿಮಿಷ 29 ಸೆಕೆಂಡು ಮಂಡಿ ಊರಿದ್ದ. ಮೊದಲ ಸಲ ಆ ವಿಡಿಯೋವನ್ನು ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ಪೊಲೀಸರ ಬಾಡಿ ಕ್ಯಾಮೆರಾದಲ್ಲಿ ದಾಖಲಾದ ಮಾತುಗಳು ಹೊರಗೆ ಬಂದವು. ಅದನ್ನು ಓದಿದಾಗ ವಿಡಿಯೋಗಿಂತ ಜಾಸ್ತಿ ಕಾಡಿತು.

ಅಲ್ಲಿ ಪೊಲೀಸರು ನಾಲ್ವರಿದ್ದರು. ಒಬ್ಬ ಜನರನ್ನು ತಡೆಯುತ್ತಿದ್ದ. ಇನ್ನೊಬ್ಬ ಫ್ಲಾಯ್ಡ್ ಬೆನ್ನು ಅದುಮಿ ಹಿಡಿದಿದ್ದ. ನಾಡಿ ಮುಟ್ಟಿ ನೋಡಿ ಸಿಗುತ್ತಿಲ್ಲ ಅಂತ ಹೇಳಿದ್ದೂ ಅವನೇ. ಕಾಲು ಹಿಡಿದಿದ್ದವನು ಥಾಮಸ್ ಲೇನ್. ಕೆಲಸಕ್ಕೆ ಬಂದು ಇನ್ನೂ ನಾಲ್ಕನೇ ದಿನ. ಇವನನ್ನು ಮಗ್ಗುಲಿಗೆ ತಿರುಗಿಸೋಣವಾ ಅಂತ ಅವನು ಕೇಳಿದ. ಶೋವಿನ್ ಬೇಡ ಅಂದ. ಸ್ವಲ್ಪ ಹೊತ್ತು ಬಿಟ್ಟು ಲೇನ್ ಮತ್ತೆ ಕೇಳಿದ. ಆಗಲೂ ಏನೂ ಬದಲಾಗಲಿಲ್ಲ. ಶೋವಿನ್‌ಗೆ 19 ವರ್ಷದ ಸರ್ವೀಸು. ನಾಲ್ಕು ದಿನದವನು 19 ವರ್ಷದವನಿಗೆ ಇನ್ನೇನು ಹೇಳಿಯಾನು?

ಗಮನಿಸಿ, ಲೇನ್ ‘ತಿರುಗಿಸಿ’ ಅನ್ನಲಿಲ್ಲ. ‘ತಿರುಗಿಸೋಣವಾ’ ಅಂದ. ಕೆಳಗಿನವನ ಬಾಯಲ್ಲಿ ನಿಜ ಯಾವಾಗಲೂ ಪ್ರಶ್ನೆಯಾಗಿಯೇ ಬರುತ್ತದೆ. ನಾವೂ ಹಾಗೇ ಅಲ್ವಾ? ಮೇಲಿನವರು ಕಣ್ಣೆದುರೇ ತಪ್ಪು ಮಾಡುತ್ತಿದ್ದರೂ ‘ಸರ್, ಇದನ್ನ ಒಂದ್ಸಲ ನೋಡಬಹುದಾ?’ ಅನ್ನುತ್ತೇವೆ. ಅವರು ಬೇಡ ಅಂದರೆ ‘ಸರಿ ಸರ್’ ಅಂತ ಬಾಯಿ ಮುಚ್ಚುತ್ತೇವೆ. ನಮ್ಮ ಕೆಲಸದಲ್ಲಿ ಅದರಿಂದ ಒಂದು ಫೈಲು ಕೆಡುತ್ತದೆ, ಅಷ್ಟೇ.

ಲೇನ್ ಎರಡು ಸಲ ಕೇಳಿದ್ದು ಅವನನ್ನು ಉಳಿಸಲಿಲ್ಲ. ಕಣ್ಣೆದುರೇ ಸಾಯುತ್ತಿದ್ದವನಿಗೆ ಚಿಕಿತ್ಸೆ ಕೊಡಿಸಲಿಲ್ಲ ಅಂತ ಅವನಿಗೂ ಎರಡೂವರೆ ವರ್ಷ ಜೈಲಾಯಿತು. ಉಳಿದಿಬ್ಬರಿಗೆ ತಡೆಯಲಿಲ್ಲ ಅನ್ನುವ ಆರೋಪವೂ ಸೇರಿ ಇನ್ನೂ ಜಾಸ್ತಿ. ಅವನಿಗೆ ಶಿಕ್ಷೆ ಆಗಬೇಕಿತ್ತೋ ಬೇಡವೋ ಅಂತ ನಾನೂ ನನ್ನ ಗೆಳೆಯನೂ ಒಂದು ಸಂಜೆ ಪೂರ್ತಿ ವಾದ ಮಾಡಿದ್ದೇವೆ. ಆಗಬೇಕಿತ್ತು ಅನ್ನುವುದು ನನ್ನ ಪಕ್ಷ. ಗೆಳೆಯ ಒಪ್ಪಲಿಲ್ಲ. ಅವನು ಪೊಲೀಸ್ ಕೆಲಸದಲ್ಲಿ ಇದ್ದು ನಿವೃತ್ತನಾದವನು. ‘ನೀನು ಆ ಜಾಗದಲ್ಲಿ ನಿಂತಿಲ್ಲ’ ಅಂದ. ನಿಜ, ನಿಂತಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪೊಲೀಸರು ಬಲ ಪ್ರಯೋಗಿಸಲೇಬಾರದು ಅನ್ನುವ ವಾದ ನನ್ನದಲ್ಲ. ಚಾಕು ಹಿಡಿದು ನುಗ್ಗುವವನ ಎದುರು ನಿಯಮದ ಪುಸ್ತಕ ತೆಗೆದು ಓದಲು ಆಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಗ್ರಹಾಂ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಆ ಕ್ಷಣದಲ್ಲಿ ಆ ಜಾಗದಲ್ಲಿದ್ದ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು, ಆಮೇಲೆ ಕುರ್ಚಿಯಲ್ಲಿ ಕೂತವರ ಕಣ್ಣಿನಿಂದ ಅಲ್ಲ ಅಂತ. ಆ ಮಾತಿಗೆ ನನ್ನದೇನೂ ತಕರಾರಿಲ್ಲ. (ಆ ಪ್ರಕರಣದ ಗ್ರಹಾಂ ಕಳ್ಳನೂ ಅಲ್ಲ, ಕುಡುಕನೂ ಅಲ್ಲ, ಸಕ್ಕರೆ ಕಾಯಿಲೆಯವನು. ರಕ್ತದಲ್ಲಿ ಸಕ್ಕರೆ ಇಳಿದು ಒದ್ದಾಡುತ್ತಿದ್ದ. ಕುಡಿದಿದ್ದಾನೆ ಅಂತ ಹಿಡಿದ ಪೊಲೀಸರ ಕೈಯಲ್ಲಿ ಅವನ ಪಾದದ ಮೂಳೆ ಮುರಿಯಿತು. ಆ ಮಾತು ಬೇರೆ.)

ಆದರೆ ಒಂಬತ್ತೂವರೆ ನಿಮಿಷ ಅಂದರೆ ‘ಆ ಕ್ಷಣ’ ಅಲ್ಲ. ರಾತ್ರಿಯಿಡೀ ಠಾಣೆಯಲ್ಲಿ ನಡೆಯುವುದು ‘ಆ ಕ್ಷಣ’ ಅಲ್ಲ. ಬಲದಲ್ಲಿ ಎರಡು ಬಗೆ ಇದೆ. ಒಂದು ದಿಢೀರನೆ ಆಗಿಬಿಡುವಂಥದ್ದು. ಇನ್ನೊಂದು ನಿಧಾನವಾಗಿ ನಡೆಯುವಂಥದ್ದು. ನಾವು ಎರಡನ್ನೂ ಕಲಸಿ ವಾದ ಮಾಡುತ್ತೇವೆ. ನಿಧಾನವಾಗಿ ಹೊಡೆದವನ ಪರವಾಗಿ ಮಾತಾಡುವವರು ದಿಢೀರ್ ಅಪಾಯದ ಉದಾಹರಣೆ ಕೊಡುತ್ತಾರೆ. ದಿಢೀರ್ ಗುಂಡು ಹಾರಿಸಿ ಜೀವನವಿಡೀ ನಿದ್ದೆಗೆಟ್ಟವನನ್ನು ನಾವು ರಾಕ್ಷಸ ಅನ್ನುತ್ತೇವೆ. ನಿಧಾನದ ಹೊಡೆತದಲ್ಲಿ ಒಂದು ವಿಶೇಷ ಇದೆ. ಅಲ್ಲಿ ಯಾವಾಗಲೂ ಪಕ್ಕದಲ್ಲಿ ಯಾರೋ ಇರುತ್ತಾರೆ. ಅವರಿಗೆ ಯೋಚಿಸಲು ಸಮಯವೂ ಇರುತ್ತದೆ.

ಇರುತ್ತದೆ. ಮಾತು ಮಾತ್ರ ಹೊರಡುವುದಿಲ್ಲ. ಯಾಕೆ?

ಗೆಳೆಯ ಹೇಳಿದ ಕಥೆ ಕೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಒಳಗೆ ಒಬ್ಬ ಹುಡುಗನಿಗೆ ಬೀಳುತ್ತಿತ್ತು. ಇವನು ಬಾಗಿಲ ಹತ್ತಿರ ನಿಂತು ‘ಸಾಕು ಸರ್, ಬೇಡ ಸರ್’ ಅಂದ. ಅಷ್ಟೇ ಅಂದದ್ದು. ಮುಂದಿನ ಆರು ತಿಂಗಳು ನೈಟ್ ಡ್ಯೂಟಿ ಇವನ ಹೆಸರಿಗೇ ಬಿತ್ತು. ರಜೆ ಕೇಳಿದರೆ ‘ನಿಮ್ಮಂಥ ಒಳ್ಳೆಯವರಿಗೆ ರಜೆ ಯಾಕ್ರೀ’ ಅನ್ನುತ್ತಿದ್ದರಂತೆ. ಮೆಮೋ ಇಲ್ಲ, ಸಸ್ಪೆನ್ಷನ್ ಇಲ್ಲ, ಇಲಾಖಾ ವಿಚಾರಣೆ ಇಲ್ಲ. ಯಾರಿಗೆ ದೂರು ಕೊಡುತ್ತೀರಿ? ಡ್ಯೂಟಿ ಹಾಕಿದರು ಅಂತ ದೂರು ಕೊಡಲು ಆಗುತ್ತಾ?

ಅವನ ಮಟ್ಟಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಾಳೆ ಗಲಾಟೆಯಲ್ಲಿ ಕಲ್ಲು ಬಿದ್ದಾಗ ನನ್ನನ್ನು ಎಳೆದು ಕಾಪಾಡಬೇಕಾದವರು ಇವರೇ. ಇವರು ನನ್ನ ಮೇಲೆ ಮುನಿಸಿಕೊಂಡರೆ? ಇದು ಸಣ್ಣ ಹೆದರಿಕೆ ಅಲ್ಲ. ನಮ್ಮ ನಿಮ್ಮ ಕೆಲಸದಲ್ಲಿ ಸಹೋದ್ಯೋಗಿ ಮುನಿಸಿಕೊಂಡರೆ ಊಟಕ್ಕೆ ಜೊತೆ ಸಿಗುವುದಿಲ್ಲ. ಅವರ ಕೆಲಸದಲ್ಲಿ ಜೀವಕ್ಕೇ ಬರಬಹುದು. ‘ಯಾಕೆ ತಡೆಯಲಿಲ್ಲ’ ಅಂತ ಕೇಳುವ ಮುಂಚೆ ಇದು ನೆನಪಿರಲಿ ಅನ್ನುವುದು ಅವನ ಮಾತು. ನೆನಪಿಟ್ಟುಕೊಂಡೇ ಕೇಳುತ್ತಿದ್ದೇನೆ.

ತಡೆದವರಿಗೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಬಫಲೋ ನಗರದ ಕ್ಯಾರಿಯಲ್ ಹಾರ್ನ್ ಕಥೆ ನೋಡಿ. 2006ರಲ್ಲಿ ಜೊತೆಯ ಅಧಿಕಾರಿ ಕೈಕೋಳ ತೊಡಿಸಿದ ಒಬ್ಬನ ಕತ್ತು ಹಿಸುಕುತ್ತಿದ್ದಾನೆ ಅಂತ ಈಕೆ ಮಧ್ಯೆ ಹೋದರು. 2008ರಲ್ಲಿ ಈಕೆಯನ್ನೇ ಕೆಲಸದಿಂದ ತೆಗೆದರು. ಪೂರ್ತಿ ಪಿಂಚಣಿಗೆ ಬೇಕಾದ 20 ವರ್ಷಕ್ಕೆ ಒಂದೇ ಒಂದು ವರ್ಷ ಬಾಕಿ ಇತ್ತು. ಆ ಅಧಿಕಾರಿಗೆ ಮುಂದೆ ಬೇರೊಂದು ಪ್ರಕರಣದಲ್ಲಿ ಜೈಲಾಯಿತು. ಫ್ಲಾಯ್ಡ್ ಸತ್ತ ಮೇಲೆ ಬಫಲೋದವರಿಗೆ ಈಕೆಯ ನೆನಪಾಯಿತು. 2020ರಲ್ಲಿ ಈಕೆಯ ಹೆಸರಿನಲ್ಲೇ ಕಾನೂನು ಬಂತು: ಜೊತೆಗಾರ ಮಿತಿ ಮೀರಿದರೆ ತಡೆಯುವುದು ಕರ್ತವ್ಯ. 2021ರಲ್ಲಿ ಕೋರ್ಟ್ ಪಿಂಚಣಿ ಕೊಡಿಸಿತು. ಒಂದು ಸರಿಯಾದ ಕೆಲಸ ಸರಿ ಅನ್ನಿಸಿಕೊಳ್ಳಲು 15 ವರ್ಷ.

ಹೀಗಿದ್ದ ಮೇಲೆ ಹೊಸ ಕಾನ್‌ಸ್ಟೇಬಲ್ ಒಬ್ಬ ಲೆಕ್ಕ ಹಾಕುತ್ತಾನಾ ಇಲ್ಲವಾ?

ವಿಮಾನದವರು ಈ ಲೆಕ್ಕವನ್ನು ಯಾವತ್ತೋ ಮಾಡಿದ್ದಾರೆ. 1977ರ ಮಾರ್ಚ್ 27ರಂದು ಟೆನರೀಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಜಂಬೋ ವಿಮಾನ ಏರಲು ಹೊರಟಿತ್ತು. ಪ್ಯಾನ್ ಆಮ್ ವಿಮಾನ ಇನ್ನೂ ಅದೇ ರನ್‌ವೇ ಮೇಲಿತ್ತು. ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದು, ಅದು ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದ. ನೋಡಿ, ಇಲ್ಲೂ ಪ್ರಶ್ನೆಯೇ. ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬನಾದ ಕ್ಯಾಪ್ಟನ್, ಬಿಟ್ಟಿದೆ ಅಂತ ಖಡಕ್ಕಾಗಿ ಹೇಳಿದ. 583 ಜನ ಸತ್ತರು. ಆಮೇಲೆ ವಿಮಾನ ಕಂಪನಿಗಳು ಕ್ಯಾಪ್ಟನ್ ಕೆಟ್ಟವನು ಅಂತ ಹೇಳಿ ಸುಮ್ನಾಗಲಿಲ್ಲ. ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನು, ಹಿರಿಯರಿಗೆ ಕೇಳಿಸಿಕೊಳ್ಳುವುದನ್ನು ತರಬೇತಿಯಲ್ಲೇ ಕಲಿಸಲು ಶುರು ಮಾಡಿದವು. ಧೈರ್ಯ ಹುಟ್ಟಿನಿಂದ ಬರಬೇಕು ಅಂತ ಕಾಯಲಿಲ್ಲ.

ಪೊಲೀಸರಲ್ಲಿ ಇದನ್ನು ಚೆನ್ನಾಗಿ ಮಾಡಿದ್ದು, ನಂಬಿದರೆ ನಂಬಿ, ನ್ಯೂ ಆರ್ಲಿಯನ್ಸ್. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ ಡ್ಯಾನ್ಜಿಗರ್ ಸೇತುವೆ ಮೇಲೆ ನಿರಾಯುಧರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದು, ನಾಲ್ವರನ್ನು ಗಾಯಗೊಳಿಸಿ, ಆಮೇಲೆ ಸುಳ್ಳು ಸಾಕ್ಷ್ಯ ಕಟ್ಟಿದ್ದ ಇಲಾಖೆ ಅದು. ಅದೇ ಇಲಾಖೆ 2016ರಲ್ಲಿ ‘ಎಪಿಕ್’ ಅನ್ನುವ ತರಬೇತಿ ಶುರು ಮಾಡಿತು. ಇದರ ಹಿಂದೆ ಎರ್ವಿನ್ ಸ್ಟೌಬ್ ಎಂಬ ಮನಶ್ಶಾಸ್ತ್ರಜ್ಞನ ಕೆಲಸ ಇದೆ. ಸ್ಟೌಬ್ ಹಂಗೇರಿಯ ಯಹೂದಿ. ಚಿಕ್ಕವನಿದ್ದಾಗ ನಾಜಿಗಳ ಕೈಯಿಂದ ಪಾರಾದವನು, ಅದೂ ಸುಮ್ಮನೆ ನೋಡುತ್ತಾ ನಿಲ್ಲದ ಕೆಲವರಿಂದ. ದೊಡ್ಡವನಾದ ಮೇಲೆ, ಜನ ಯಾವಾಗ ಸುಮ್ಮನೆ ನಿಲ್ಲುತ್ತಾರೆ, ಯಾವಾಗ ಮುಂದೆ ಬರುತ್ತಾರೆ ಅನ್ನುವುದನ್ನೇ ಓದಿದ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್‌ಗೆ ಪೊಲೀಸರು ಹೊಡೆದಾಗ ಕೇಸು ಬಿದ್ದದ್ದು ನಾಲ್ವರ ಮೇಲೆ. ಸುತ್ತ ನಿಂತು ನೋಡಿದ ಪೊಲೀಸರು ಹತ್ತಕ್ಕಿಂತ ಜಾಸ್ತಿ. ಆಗ ಕ್ಯಾಲಿಫೋರ್ನಿಯಾದವರು ಕರೆದದ್ದು ಸ್ಟೌಬ್‌ನನ್ನು.

ನ್ಯೂ ಆರ್ಲಿಯನ್ಸ್‌ನವರ ಜಾಣತನ ನನಗೆ ಇಷ್ಟವಾದದ್ದು ಇಲ್ಲಿ. ‘ತಪ್ಪು ಮಾಡಿದ ಜೊತೆಗಾರನನ್ನು ಹಿಡಿದುಕೊಡಿ’ ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ಮೊದಲ ದಿನವೇ ತರಬೇತಿ ಮುಗಿಯುತ್ತಿತ್ತು. ‘ಜೊತೆಗಾರನ ಕೆಲಸ ಉಳಿಸಿ, ಅವನ ಮನೆ ಉಳಿಸಿ’ ಅಂದರು. ಅವನ ಕೈ ಮೇಲೇಳುವ ಮುಂಚೆ ಹಿಡಿಯುವವನೇ ನಿಜವಾದ ಗೆಳೆಯ. ಹಿಂದಿನಿಂದ ವರದಿ ಬರೆಯುವುದಕ್ಕಿಂತ ಮುಂದೆ ನಿಂತು ತಡೆಯುವುದು ವಾಸಿ. ಒಗ್ಗಟ್ಟು ಅನ್ನುವ ಅದೇ ಮಾತನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿಬಿಟ್ಟರು.

ಈಗ ನಮ್ಮ ದೇಶಕ್ಕೆ ಬರುತ್ತೇನೆ. ಫ್ಲಾಯ್ಡ್ ಸತ್ತು ಒಂದು ತಿಂಗಳೂ ಆಗಿರಲಿಲ್ಲ. 2020ರ ಜೂನ್ 19ರಂದು ತಮಿಳುನಾಡಿನ ಸಾತಾಂಕುಳಂನಲ್ಲಿ ಜಯರಾಜ್, ಬೆನ್ನಿಕ್ಸ್ ಎಂಬ ಅಪ್ಪ ಮಗನನ್ನು ಪೊಲೀಸರು ಠಾಣೆಯಲ್ಲಿ ಹಿಡಿದಿಟ್ಟರು. ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿದ್ದರು ಅನ್ನುವುದು ಆರೋಪ. ನಾಲ್ಕು ದಿನದೊಳಗೆ ಇಬ್ಬರೂ ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟ್ ಠಾಣೆಯ ಸಿಸಿಟಿವಿ ನೋಡಿದರೆ ದೃಶ್ಯಗಳೇ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ದಿನದ ದೃಶ್ಯ ದಿನವೇ ತಾನಾಗಿ ಅಳಿಸಿಹೋಗುವಂತೆ ಸೆಟ್ಟಿಂಗ್ ಇತ್ತು.

ಯಂತ್ರ ಮರೆತದ್ದನ್ನು ನೆನಪಿಟ್ಟುಕೊಂಡದ್ದು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಆ ರಾತ್ರಿ ಡ್ಯೂಟಿಯಲ್ಲಿದ್ದವರು. ರಾತ್ರಿಯಿಡೀ ಹೊಡೆದರು ಅಂತ ಅವರು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಟ್ಟರು. ಕೊಡುವಾಗ ಅವರು ಎಷ್ಟು ಹೆದರಿದ್ದರು, ಹೊರಗೆ ನಿಂತ ಪೊಲೀಸರು ಹೇಗೆ ನಡೆದುಕೊಂಡರು ಅನ್ನುವುದನ್ನೂ ಮ್ಯಾಜಿಸ್ಟ್ರೇಟ್ ವರದಿಯಲ್ಲಿ ಬರೆದಿದ್ದಾರೆ. ಸಹಿ ಹಾಕಲು ಅವರ ಕೈ ಬರುತ್ತಿರಲಿಲ್ಲ. ಕೊನೆಗೆ ಹಾಕಿದರು. ಆಮೇಲೆ ಸಿಬಿಐ ಒಂಬತ್ತು ಪೊಲೀಸರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಆ ಒಂದು ಸಹಿಯ ಭಾರ ನಾನು ಆಗಾಗ ಯೋಚಿಸುತ್ತೇನೆ.

ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್, ಕಾರಿಡಾರ್ ಯಾವುದೂ ಬಿಡದೆ ಕಾಣಬೇಕು, ಧ್ವನಿಯೂ ದಾಖಲಾಗಬೇಕು, 18 ತಿಂಗಳ ದೃಶ್ಯ ಇಟ್ಟುಕೊಳ್ಳಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ. ಆದರೆ ಕ್ಯಾಮೆರಾ ಮೇಲೆ ಪೂರ್ತಿ ಭಾರ ಹಾಕಬೇಡಿ. ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2017ರಲ್ಲಿ ಹೊರಬಂತು. ಬಾಡಿ ಕ್ಯಾಮೆರಾ ಹಾಕಿದವರಿಗೂ ಹಾಕದವರಿಗೂ ಬಲ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶೋವಿನ್‌ಗೆ ಎದುರಿಗೇ ಮೊಬೈಲು ಹಿಡಿದು ನಿಂತವರು ಕಾಣುತ್ತಿದ್ದರಲ್ಲ? ಅವನು ಏಳಲಿಲ್ಲ. ಕ್ಯಾಮೆರಾ ಆಮೇಲೆ ಸಾಕ್ಷಿ ಹೇಳುತ್ತದೆ. ಆಗ ಕೈ ಹಿಡಿಯುವುದಿಲ್ಲ.

ಒತ್ತಡದ ಮಾತು ಬಿಟ್ಟರೆ ಈ ಬರಹ ಅನ್ಯಾಯದ್ದಾಗುತ್ತದೆ. ಕಾಮನ್ ಕಾಸ್ ಮತ್ತು ಲೋಕನೀತಿ ಎಂಬ ಸಂಸ್ಥೆಗಳ 2019ರ ವರದಿ ಪ್ರಕಾರ ಭಾರತದ ಪೊಲೀಸರ ಕೆಲಸ ಸರಾಸರಿ ದಿನಕ್ಕೆ 14 ಗಂಟೆ. ಬಂದೋಬಸ್ತ್ ಇದ್ದರೆ ಅದಕ್ಕೂ ಲೆಕ್ಕ ಇಲ್ಲ. ಸತತ 17 ಗಂಟೆ ಎಚ್ಚರ ಇದ್ದವನ ಮೆದುಳು, ರಕ್ತದಲ್ಲಿ ಶೇಕಡ 0.05 ಮದ್ಯ ಇದ್ದವನ ಮೆದುಳಿನ ಹಾಗೆ ಎಡವುತ್ತದೆ ಅಂತ ನಿದ್ದೆಯ ಮೇಲಿನ ಸಂಶೋಧನೆಗಳು ಹೇಳುತ್ತವೆ. ಕುಡಿದು ಗಾಡಿ ಓಡಿಸಿದವನನ್ನು ಹಿಡಿಯಲು ನಿಂತ ಪೊಲೀಸೇ ಆ ಸ್ಥಿತಿಯಲ್ಲಿರಬಹುದು. ಅವನ ಕೈಗೆ ಲಾಠಿ ಕೊಟ್ಟಿದ್ದೇವೆ. ಮೇಲಿನಿಂದ ‘24 ಗಂಟೆಯೊಳಗೆ ಆರೋಪಿ ಬೇಕು’ ಅನ್ನುವ ಫೋನು ಬೇರೆ. ಹೊಡಿ ಅನ್ನುವ ಆದೇಶ ಬಾಯಲ್ಲಿ ಬರುತ್ತದೆ. ಸಸ್ಪೆನ್ಷನ್ ಮಾತ್ರ ಕಾಗದದಲ್ಲಿ ಬರುತ್ತದೆ. ಬಾಯಲ್ಲಿ ಹೇಳಿದವರ ಹೆಸರು ಆ ಕಾಗದದಲ್ಲಿ ಹುಡುಕಿ ನೋಡಿ.

ಆ ಒತ್ತಡದಲ್ಲಿ ನಮ್ಮದೂ ಪಾಲಿದೆ. ನಾಚಿಕೆಯ ಕಥೆ ಅಂದೆನಲ್ಲ, ಅದು ಇದೇ. 2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದ್ ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. ನಾನು ಹೊಗಳಿ ಬರೆದ ಒಂದು ಪೋಸ್ಟಿಗೆ ಲೈಕ್ ಒತ್ತಿ, ‘ಇವತ್ತು ನ್ಯಾಯ ಸಿಕ್ಕಿತು’ ಅಂತ ಕಾಮೆಂಟೂ ಹಾಕಿದೆ. 2022ರಲ್ಲಿ, ಆ ಎನ್‌ಕೌಂಟರ್ ಬಗ್ಗೆ ತನಿಖೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ ಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಅಂತ ಅದರಲ್ಲಿತ್ತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಅಂತಲೂ ಇತ್ತು. ಓದಿ ನನ್ನ ಕಾಮೆಂಟು ಹುಡುಕಿ ಅಳಿಸಿದೆ. ಅಳಿಸಿದರೆ ಆಯಿತಾ? ಆ ಹತ್ತು ಜನರಲ್ಲಿ ಯಾರಿಗಾದರೂ ಆ ಬೆಳಿಗ್ಗೆ ‘ಬೇಡ’ ಅನ್ನಿಸಿದ್ದಿದ್ದರೆ, ಅವನಿಗೆ ಹೂವು ಎರಚಲು ಯಾರೂ ಬರುತ್ತಿರಲಿಲ್ಲ. ನಾನಂತೂ ಹೋಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ವಿಶ್ವಸಂಸ್ಥೆ 1990ರಲ್ಲೇ ಹವಾನಾದಲ್ಲಿ ಬಲ ಪ್ರಯೋಗದ ತತ್ವಗಳನ್ನು ಒಪ್ಪಿಕೊಂಡಿತು. ಕಾನೂನು ಮೀರಿದ ಆದೇಶ ಪಾಲಿಸದ ಪೊಲೀಸನಿಗೆ ಶಿಕ್ಷೆ ಕೊಡಬಾರದು ಅಂತ ಅದರಲ್ಲಿದೆ. ಕಾಗದದಲ್ಲಿ ಚೆನ್ನಾಗಿದೆ. ನೈಟ್ ಡ್ಯೂಟಿ ಚಾರ್ಟು ಬರೆಯುವವರು ಅದನ್ನು ಓದಿರುವುದಿಲ್ಲ. ನನಗೆ ಜಾಸ್ತಿ ಹಿಡಿಸುವುದು ಬ್ರಿಟನ್ನಿನ 1984ರ ಪೊಲೀಸ್ ಕಾನೂನು, ಪೇಸ್ ಅನ್ನುತ್ತಾರೆ. ಅದರಲ್ಲಿ ಕಸ್ಟಡಿ ಆಫೀಸರ್ ಅಂತ ಒಂದು ಹುದ್ದೆ ಇದೆ. ಕನಿಷ್ಠ ಸಾರ್ಜೆಂಟ್ ದರ್ಜೆ. ಆ ಪ್ರಕರಣದ ತನಿಖೆಗೂ ಅವರಿಗೂ ಸಂಬಂಧ ಇರಬಾರದು. ಒಳಗೆ ಬಂದವನ ದೇಹದ ಹೊಣೆ ಅವರದು. ಮೇಲಧಿಕಾರಿ ಬಂದು ಅವರ ತೀರ್ಮಾನ ಮೀರಲು ನೋಡಿದರೆ, ವಿಷಯ ತಕ್ಷಣ ಸೂಪರಿಂಟೆಂಡೆಂಟ್ ಮಟ್ಟಕ್ಕೆ ಹೋಗಬೇಕು. ಅಂದರೆ ‘ಬೇಡ ಸರ್’ ಅನ್ನುವುದು ಅಲ್ಲಿ ಧೈರ್ಯ ಅಲ್ಲ, ಡ್ಯೂಟಿ. ಹಾಗಂತ ಬ್ರಿಟನ್ನಿನಲ್ಲಿ ಕಸ್ಟಡಿ ಸಾವು ನಿಂತುಹೋಗಿಲ್ಲ. ಆದರೆ ಬೇಡ ಅನ್ನಲು ಒಂದು ಕುರ್ಚಿ ಇದೆ. ನಮ್ಮಲ್ಲಿ ಠಾಣೆಯ ಇನ್‌ಸ್ಪೆಕ್ಟರೇ ತನಿಖೆಯ ಹೊಣೆಗಾರ, ಅವರೇ ಲಾಕಪ್ಪಿನ ಹೊಣೆಗಾರ. ಆರೋಪಿ ಬಾಯಿ ಬಿಡಬೇಕು ಅನ್ನುವ ಆತುರ ಯಾರಿಗಿದೆಯೋ, ಅವನ ಮೈಮೇಲೆ ಗಾಯ ಆಗದಂತೆ ನೋಡಿಕೊಳ್ಳುವುದೂ ಅವರೇ. ಬಂಧಿಸುವಾಗ ಪೊಲೀಸರು ಹೇಗೆ ನಡೆದುಕೊಳ್ಳಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ನಿಯಮಗಳು ಠಾಣೆ ಗೋಡೆಯ ಮೇಲೆ ಇರುತ್ತವೆ. ಗೋಡೆ ಮಾತಾಡುವುದಿಲ್ಲ.

ಇದನ್ನೆಲ್ಲ ಗೆಳೆಯನಿಗೆ ಓದಿ ಹೇಳಿದೆ. ನ್ಯೂ ಆರ್ಲಿಯನ್ಸ್ ಕಥೆ ಕೇಳಿ ನಕ್ಕ. ‘ಇದನ್ನ ನಮ್ಮ ಠಾಣೆ ರೈಟರ್ ತರಬೇತಿ ಇಲ್ಲದೇ ಮಾಡ್ತಿದ್ರು ಕಣೋ’ ಅಂದ. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಅವರು. ಒಳಗೆ ಸದ್ದು ಜಾಸ್ತಿಯಾದರೆ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ನಿಧಾನಕ್ಕೆ ಎದ್ದು ಹೋಗಿ ಬಾಗಿಲು ತಟ್ಟುತ್ತಿದ್ದರಂತೆ. ‘ಸರ್, ದೊಡ್ಡ ಸಾಹೇಬ್ರು ಲೈನಲ್ಲಿದ್ದಾರೆ. ಅರ್ಜೆಂಟಂತೆ.’ ಒಳಗಿದ್ದವರು ಬೆವರು ಒರೆಸಿಕೊಂಡು, ಶರ್ಟು ಸರಿ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಅಷ್ಟರಲ್ಲಿ ಫೋನು ಕಟ್ಟಾಗಿರುತ್ತಿತ್ತು. ಮತ್ತೆ ಮಾಡ್ತಾರಂತೆ ಸರ್, ಕೂತಿರಿ ಅಂತ ಇವರು ಕುರ್ಚಿ ಎಳೆದು ಹಾಕಿ, ನೀರು ತಂದು ಕೊಡುತ್ತಿದ್ದರು.

ಆ ಫೋನು ಒಂದು ಸಲವೂ ಬಂದಿರುತ್ತಿರಲಿಲ್ಲ. ಅದು ಒಳಗಿದ್ದವರಿಗೂ ಗೊತ್ತಿತ್ತು ಅನ್ನಿಸುತ್ತೆ ಅಂದ ಗೆಳೆಯ. ಆದರೂ ಪ್ರತಿ ಸಲ ಎದ್ದು ಬರುತ್ತಿದ್ದರಂತೆ.